ನುಂಗಿದ ಬೆಳಕಿನ ಲೆಕ್ಕ

ಒಂದು ಲೀಟರ್ ಕುಡಿಯುವ ನೀರಿನಲ್ಲಿ ಸೀಸ 0.01 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ಭಾರತೀಯ ಮಾನಕ. ಬ್ಯೂರೆಟ್ಟಿಗೂ ತಕ್ಕಡಿಗೂ ನಿಲುಕದ ಇಂಥ ಅಳತೆಗೆ ಒದಗಿದ ಉಪಕರಣಗಳಲ್ಲಿ ಪರಮಾಣು ಹೀರಿಕೆಯ ರೋಹಿತಮಾಪಕ ಮುಖ್ಯವಾದುದು. ಪ್ರಯೋಗಾಲಯದವರ ಬಾಯಲ್ಲಿ ಅದು ಬರೀ ‘ಎಎಎಸ್’.

ಧಾತುವೊಂದು ತಾನು ಸೂಸುವ ತರಂಗಾಂತರದ ಬೆಳಕನ್ನೇ ಹೀರಬಲ್ಲದು ಎಂಬುದನ್ನು ಕಿರ್ಕಾಫ್ ಮತ್ತು ಬುನ್ಸೆನ್ 1859-60ರಲ್ಲೇ ಹೈಡೆಲ್‌ಬರ್ಗ್‌ನಲ್ಲಿ ತೋರಿಸಿದ್ದರು. ಆದರೂ ಮುಂದಿನ ತೊಂಬತ್ತು ವರ್ಷ ರಸಾಯನಶಾಸ್ತ್ರಜ್ಞರು ಬಹುಮಟ್ಟಿಗೆ ಸೂಸಿದ ಬೆಳಕನ್ನೇ ಅಳೆಯುತ್ತ ಬಂದರು.

ಈ ರೂಢಿಯನ್ನು ಪ್ರಶ್ನಿಸಿದವರು ಅಲನ್ ವಾಲ್ಷ್. ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲಿ ಹುಟ್ಟಿ, 1946ರಲ್ಲಿ ಮೆಲ್ಬರ್ನ್‌ನ ಸರ್ಕಾರಿ ಸಂಶೋಧನಾ ಸಂಸ್ಥೆ ಸೇರಿದವರು. ಲೋಹಗಳ ಪರಮಾಣುಗಳು ಸೂಸುವ ಬೆಳಕು, ಅಣುಗಳು ಹೀರುವ ಅವಕೆಂಪು ಕಿರಣ, ಎರಡರಲ್ಲೂ ಅವರಿಗೆ ಪಳಗಿದ ಕೈ. ಅಣುವಿಗೆ ಹೀರಿಕೆ, ಪರಮಾಣುವಿಗೆ ಸೂಸುವಿಕೆ ಎಂಬ ಈ ಭೇದ ಯಾಕೆ? ಉತ್ತರ ಹೊಳೆದದ್ದು 1952ರ ಮಾರ್ಚ್‌ನ ಒಂದು ಭಾನುವಾರ, ಮನೆಯ ಕೈತೋಟದಲ್ಲಿ. ಮರುದಿನವೇ ಸೋಡಿಯಂ ದೀಪವಿಟ್ಟು ಪರೀಕ್ಷಿಸಿದರು.

ಅವರ ವಾದಕ್ಕೆ ಬಲ ಕೊಟ್ಟದ್ದು ಒಂದು ಲೆಕ್ಕ. 3000 ಕೆಲ್ವಿನ್‌ನ ಜ್ವಾಲೆಯಲ್ಲೂ ಬೆಳಕು ಸೂಸಲು ಸಿದ್ಧವಾದ ಸತುವಿನ ಪರಮಾಣು ನೂರು ಕೋಟಿಗೆ ಒಂದೂ ಸಿಗುವುದಿಲ್ಲ. ಉಳಿದವೆಲ್ಲ ತಳಸ್ಥಿತಿಯಲ್ಲೇ ಇರುತ್ತವೆ, ಬೆಳಕು ಹೀರುವುದಕ್ಕೆ ಬೇಕಾದವೂ ಅವೇ.

ಉಳಿದ ತೊಡಕು ಬೆಳಕಿನ ಆಕರದ್ದು. ಪರಮಾಣು ಹೀರುವ ರೇಖೆಯ ಅಗಲ ನ್ಯಾನೋಮೀಟರಿನ ಕೆಲವೇ ಸಾವಿರದ ಭಾಗ. ಮಾಮೂಲಿ ಬಿಳಿ ಬೆಳಕಿನಲ್ಲಿ ಅಷ್ಟು ಸಣ್ಣ ಕೊರತೆ ಆ ಕಾಲದ ಉಪಕರಣಗಳಿಗೆ ಕಾಣುತ್ತಿರಲಿಲ್ಲ. ವಾಲ್ಷ್ ಟೊಳ್ಳು ಕ್ಯಾಥೋಡ್ ದೀಪದ ಮೊರೆಹೋದರು. ತಾಮ್ರ ಅಳೆಯಬೇಕಿದ್ದರೆ ಕ್ಯಾಥೋಡ್ ಬಟ್ಟಲೂ ತಾಮ್ರದ್ದೇ. ಗಾಜಿನೊಳಗಿನ ನಿಯಾನ್ ಅಯಾನುಗಳು ಬಟ್ಟಲಿಗೆ ಬಡಿದು ಪರಮಾಣುಗಳನ್ನು ಎಬ್ಬಿಸುತ್ತವೆ. ಅವು ಸೂಸುವ 324.8 ನ್ಯಾನೋಮೀಟರಿನ ಕಿರಿದಾದ ರೇಖೆಯನ್ನು ಜ್ವಾಲೆಯಲ್ಲಿರುವ ತಾಮ್ರವೇ ನುಂಗುತ್ತದೆ. ಜ್ವಾಲೆಯ ಸ್ವಂತ ಬೆಳಕು ಲೆಕ್ಕ ಕೆಡಿಸದಂತೆ ದೀಪದ ಬೆಳಕನ್ನು ಕಡಿಕಡಿದು ಕಳಿಸಿ, ಆ ಲಯದಲ್ಲಿ ಬಂದದ್ದನ್ನಷ್ಟೇ ಅಳೆಯುವ ಉಪಾಯವೂ ಅವರದೇ. 1955ರಲ್ಲಿ ಪ್ರಬಂಧ ಬಂತು. ಅದೇ ವರ್ಷ ನೆದರ್ಲೆಂಡ್ಸ್‌ನ ಆಲ್ಕಮಾಡ ಮತ್ತು ಮಿಲಾಟ್ಸ್ ಕೂಡ ಸ್ವತಂತ್ರವಾಗಿ ಇದೇ ದಾರಿ ಹಿಡಿದಿದ್ದರು.

ಇನ್ನುಳಿದದ್ದು ಸರಳ: ದ್ರಾವಣವನ್ನು ಮಂಜಾಗಿಸಿ ಅಸಿಟಿಲೀನ್ ಜ್ವಾಲೆಗೆ ಬಿಡುವುದು, ತಿಳಿದ ಸಾರತೆಯ ದ್ರಾವಣಗಳ ಗೆರೆ ಎಳೆದು ಹೋಲಿಸುವುದು. ಫಾಸ್ಫೇಟ್ ಇದ್ದರೆ ಕ್ಯಾಲ್ಸಿಯಂ ಕಡಿಮೆ ತೋರುತ್ತದೆ. ಲ್ಯಾಂಥನಮ್ ಬೆರೆಸಿದರೆ ಸರಿಹೋಗುತ್ತದೆ. ಅತಿ ಸೂಕ್ಷ್ಮ ಪ್ರಮಾಣದ ಸೀಸಕ್ಕೆ ಜ್ವಾಲೆಯ ಬದಲು ಗ್ರಾಫೈಟ್ ಕುಲುಮೆ ಬೇಕು.

ಈಗ ದೊಡ್ಡ ಪ್ರಯೋಗಾಲಯಗಳು ಹತ್ತಾರು ಧಾತುಗಳನ್ನು ಒಟ್ಟಿಗೇ ಅಳೆಯುವ ಪ್ಲಾಸ್ಮಾ ಯಂತ್ರಗಳತ್ತ ಹೊರಳಿವೆ. ವಿದ್ಯಾರ್ಥಿಗೆ ದೀಪ, ಜ್ವಾಲೆ, ಶೋಧಕಗಳನ್ನು ಬೇರೆಬೇರೆಯಾಗಿ ಕಣ್ಣಾರೆ ತೋರಿಸುವ ಅನುಕೂಲ ಅವುಗಳಲ್ಲಿ ಕಡಿಮೆ. ನಿಮಿಷಕ್ಕೆ 15 ಲೀಟರಿನಷ್ಟು ಆರ್ಗಾನ್ ಬೇರೆ ಬೇಕು. ಹೀಗಾಗಿ ಮಣ್ಣಿನ ಸತು, ಕಬ್ಬಿಣ ನೋಡುವ ಕಡೆಗಳಲ್ಲಿ ಎಎಎಸ್ ಇನ್ನೂ ಉಳಿದಿದೆ. ಅಲ್ಲಿ ಒಂದು ಧಾತುವಿನಿಂದ ಇನ್ನೊಂದಕ್ಕೆ ಹೋಗಲು ಸಾಮಾನ್ಯವಾಗಿ ದೀಪ ಬದಲಿಸಿ, ಅದು ಬಿಸಿಯಾಗಿ ಸ್ಥಿರಗೊಳ್ಳುವವರೆಗೆ ಕಾಯಬೇಕು.