ಚಪ್ಪರದ ಕಛೇರಿ: ಬೆಂಗಳೂರು ಬಡಾವಣೆಗಳ ರಾಮೋತ್ಸವ ಸಂಗೀತ

ರಾಮನವಮಿಯ ಹಿಂದುಮುಂದಿನ ದಿನಗಳಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ಸಾಲಾಗಿ ನಡೆಯುವ ಶಾಸ್ತ್ರೀಯ ಕಛೇರಿಗಳಿಗೆ ರಾಮೋತ್ಸವ ಸಂಗೀತ ಎಂದು ಹೆಸರು. ಶಾಲೆಯ ಮೈದಾನ, ದೇವಸ್ಥಾನದ ಅಂಗಳ ಅಥವಾ ಬೀದಿಯಲ್ಲಿ ಹಾಕಿದ ಚಪ್ಪರವೇ ಇದರ ಸಭಾಂಗಣ. ಇದನ್ನು ಕಟ್ಟಿ ಬೆಳೆಸಿದವರು ಬಡಾವಣೆಗಳ ನಿವಾಸಿಗಳೇ.

ಕೋಟೆ, ಪೇಟೆಗಳಷ್ಟೇ ಇದ್ದ ಹಳೆಯ ಊರಿನ ಹೊರಗೆ 1892ರಲ್ಲಿ ಚಾಮರಾಜಪೇಟೆ ತಲೆ ಎತ್ತಿತು. 1898ರ ಪ್ಲೇಗ್ ಮಾರಿಗೆ ಜನ ಪೇಟೆ ತೊರೆದಾಗ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ನೇರ ರಸ್ತೆ, ಅಂಗಳವಿರುವ ಮನೆ, ನಡುವೆ ಪಾರ್ಕು, ಗುಡಿ, ಶಾಲೆ ಇವು ಈ ಹೊಸ ಬಡಾವಣೆಗಳ ಲಕ್ಷಣ. ಬೇರೆ ಬೇರೆ ಊರುಗಳಿಂದ ಬಂದು ನೆಲೆಸಿದ ನೌಕರರು, ಉಪಾಧ್ಯಾಯರು, ವಕೀಲರು ಒಂದೆಡೆ ಸೇರಲು ಹಬ್ಬಗಳೇ ನೆಪವಾದವು. 1905ರಲ್ಲಿ ಸ್ಥಾಪನೆಯಾದ ಬೆಂಗಳೂರು ಗಾಯನ ಸಮಾಜ ಸದಸ್ಯರಿಗಾಗಿ ಕಛೇರಿಗಳನ್ನು ಏರ್ಪಡಿಸುತ್ತಿತ್ತು. ಚಪ್ಪರದ ಕಛೇರಿಗಳು ಅದೇ ಸಂಗೀತವನ್ನು ದಾರಿಹೋಕರ ಕಿವಿಗೂ ಮುಟ್ಟಿಸಿದವು.

ಈ ಪರಂಪರೆಯಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿ. ಎಸ್.ವಿ. ನಾರಾಯಣಸ್ವಾಮಿ ರಾವ್ ಅವರು 1939ರಲ್ಲಿ, ಇನ್ನೂ ಹುಡುಗರಾಗಿದ್ದಾಗಲೇ, ಇದನ್ನು ಆರಂಭಿಸಿದರು. ಸಣ್ಣ ಪ್ರಮಾಣದಲ್ಲಿ ಶುರುವಾದ ಉತ್ಸವ ಮುಂದೆ ಕೋಟೆ ಪ್ರೌಢಶಾಲೆಯ ಮೈದಾನಕ್ಕೆ ಬಂದು, ತಿಂಗಳು ಮೀರಿ ನಡೆಯುವಷ್ಟು ಬೆಳೆಯಿತು. ಟಿ. ಚೌಡಯ್ಯ, ಚೆಂಬೈ ವೈದ್ಯನಾಥ ಭಾಗವತರ್, ಎಂ.ಎಸ್. ಸುಬ್ಬುಲಕ್ಷ್ಮಿ ಅವರಂಥ ಘನ ವಿದ್ವಾಂಸರು ಇಲ್ಲಿ ಕಛೇರಿ ನೀಡಿದ್ದಾರೆ. ಕರ್ನಾಟಕ ಸಂಗೀತದ ಜೊತೆಗೆ ಹಿಂದೂಸ್ತಾನಿಗೂ ಈ ವೇದಿಕೆಯಲ್ಲಿ ಸ್ಥಾನವಿದೆ. ಚಪ್ಪರದೊಳಗೆ ಜಾಗ ಸಿಗದವರು, ಟಿಕೆಟ್ ಕೊಳ್ಳಲಾಗದವರು ಹೊರಗಿನ ಫುಟ್‌ಪಾತ್ ಮೇಲೆ ಕುಳಿತು ಧ್ವನಿವರ್ಧಕದಲ್ಲಿ ಕೇಳುವುದು ಇಲ್ಲಿಯ ರೂಢಿ. ಹಾಗೆ ಹೊರಗೆ ಕುಳಿತೇ ರಾಗಗಳನ್ನು ಗುರುತಿಸಲು ಕಲಿತ ರಸಿಕರಿಗೆ ಈ ಊರಿನಲ್ಲಿ ಕೊರತೆಯಿಲ್ಲ.

ರಾಮೋತ್ಸವಕ್ಕೆ ಎರಡು ಕ್ರಮಗಳುಂಟು. ಯುಗಾದಿಯಿಂದ ನವಮಿಯವರೆಗೆ ನಡೆದರೆ ಗರ್ಭೋತ್ಸವ, ನವಮಿಯಿಂದ ಮುಂದಕ್ಕೆ ನಡೆದರೆ ಜನನೋತ್ಸವ. ಕೆಲಸಗಳೂ ಹಂಚಿಕೆಯಾಗಿರುತ್ತವೆ. ಒಬ್ಬರು ಮನೆಮನೆಗೆ ರಸೀದಿ ಪುಸ್ತಕ ಹಿಡಿದು ವಂತಿಗೆ ಎತ್ತಿದರೆ, ಇನ್ನೊಬ್ಬರು ಶಾಮಿಯಾನ, ಮೈಕ್ ಸೆಟ್ ಗೊತ್ತು ಮಾಡುತ್ತಾರೆ. ಕಲಾವಿದರ ಊಟ, ವಸತಿಯನ್ನು ಯಾವುದೋ ಮನೆಯವರು ಸಂತೋಷದಿಂದ ವಹಿಸಿಕೊಳ್ಳುತ್ತಾರೆ. ಬಡಾವಣೆಯ ಮಕ್ಕಳು ದೇವರನಾಮ ಹಾಡಿ ವೇದಿಕೆಯ ಅಂಜಿಕೆ ಕಳೆದುಕೊಳ್ಳುವುದೂ ಇಲ್ಲಿಯೇ.

ಸಂಜೆಯ ಕಛೇರಿ ವರ್ಣದಿಂದ ಆರಂಭವಾಗುತ್ತದೆ. ಕೆಲವು ಕೃತಿಗಳಾದ ಮೇಲೆ ಪ್ರಧಾನ ರಾಗವನ್ನು ಎತ್ತಿಕೊಂಡು ಆಲಾಪನೆ, ನೆರವಲ್, ಸ್ವರಪ್ರಸ್ತಾರಗಳಿಂದ ವಿಸ್ತರಿಸುತ್ತಾರೆ. ಮೃದಂಗ, ಘಟಗಳ ತನಿ ಆವರ್ತನ ಮುಗಿದ ಮೇಲೆ ಪುರಂದರದಾಸರ, ಕನಕದಾಸರ ಪದಗಳು, ಕೊನೆಗೆ ಮಂಗಳ. ತ್ಯಾಗರಾಜರ ರಾಮಪರ ಕೃತಿಗಳಿಗೆ ಈ ದಿನಗಳಲ್ಲಿ ವಿಶೇಷ ಮನ್ನಣೆ.

ನವಮಿಯ ಪ್ರಸಾದ ಬೇಸಿಗೆಗೆ ಒಪ್ಪುವಂಥದು. ಬೆಲ್ಲ ಕರಗಿಸಿದ ನೀರಿಗೆ ಏಲಕ್ಕಿ, ಶುಂಠಿ, ಕಾಳುಮೆಣಸು ಬೆರೆಸಿದರೆ ಪಾನಕ. ನೆನೆಸಿದ ಹೆಸರುಬೇಳೆಗೆ ಸೌತೆಕಾಯಿ, ತೆಂಗಿನ ತುರಿ ಸೇರಿಸಿ, ನಿಂಬೆರಸ ಹಿಂಡಿ, ಸಾಸಿವೆ, ಇಂಗಿನ ಒಗ್ಗರಣೆ ಕೊಟ್ಟರೆ ಕೋಸಂಬರಿ. ಜೊತೆಗೆ ನೀರುಮಜ್ಜಿಗೆ. ರಸ್ತೆಯಲ್ಲಿ ಹೋಗುವ ಎಲ್ಲರನ್ನೂ ಕೈ ಹಿಡಿದು ಕರೆದು ಕೊಡುವುದು ವಾಡಿಕೆ.

ಶೇಷಾದ್ರಿಪುರ, ಮಲ್ಲೇಶ್ವರ, ರಾಜಾಜಿನಗರಗಳಲ್ಲೂ ರಾಮೋತ್ಸವ ಸಂಗೀತ ನಡೆಯುತ್ತದೆ. ಮೈಸೂರಿನ ಒಂಟಿಕೊಪ್ಪಲಿನ ಎಂಟನೇ ಕ್ರಾಸ್‌ನಲ್ಲಿ ಗಣೇಶನ ಹಬ್ಬಕ್ಕೆ ರಸ್ತೆಯಲ್ಲೇ ಚಪ್ಪರ ಹಾಕಿ ಕಛೇರಿ ನಡೆಸುವುದು ಇದೇ ಬಗೆಯ ಪದ್ಧತಿ.

ಇಂದು ವಾಹನಗಳ ಗದ್ದಲ ಚಪ್ಪರದೊಳಕ್ಕೂ ನುಗ್ಗುತ್ತದೆ. ರಾತ್ರಿ 10ರ ನಂತರ ಧ್ವನಿವರ್ಧಕಕ್ಕೆ ನಿರ್ಬಂಧವಿರುವುದರಿಂದ ನಡುರಾತ್ರಿ ದಾಟುವ ಕಛೇರಿಗಳಿಗೆ ಅವಕಾಶವಿಲ್ಲ. ಹಳೆಯ ಮನೆಗಳಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟುಗಳೆದ್ದು ನೆರೆಹೊರೆಯ ಪರಿಚಯವೂ ತೆಳುವಾಗಿದೆ. ಆದರೂ ಚಪ್ಪರಗಳು ಏಳುತ್ತಲೇ ಇವೆ. ಅವು ಉಳಿಯಬೇಕಾದರೆ ಹೊಸದಾಗಿ ಬಂದು ನೆಲೆಸಿದವರೂ ರಸೀದಿ ಪುಸ್ತಕ ಹಿಡಿಯಲು, ಚಾಪೆ ಹಾಸಲು ಮುಂದಾಗಬೇಕು. ಮುಂದಿನ ಚೈತ್ರದಲ್ಲಿ ಓದುಗರು ತಮ್ಮ ಬಡಾವಣೆಯ ಚಪ್ಪರಕ್ಕೆ ಒಂದು ಸಂಜೆಯಾದರೂ ಹೋಗಿ ಕೂರಲಿ, ಮನೆಯ ಮಕ್ಕಳನ್ನೂ ಕರೆದೊಯ್ಯಲಿ.