ಆರಿದ್ರೆ ಮಳೆ ಸುರಿಯುವಾಗ ಆರಿದ್ರಾ ನಕ್ಷತ್ರ ಎಲ್ಲಿರುತ್ತದೆ?

ಜೂನ್ ಕೊನೆಗೆ ಮಳೆ ಹಿಡಿದುಕೊಂಡರೆ ಮನೆಯ ಹಿರಿಯರು 'ಇದು ಆರಿದ್ರೆ ಮಳೆ' ಎನ್ನುತ್ತಾರೆ. ಬೆಂಗಳೂರಿನ ನಮ್ಮ ಕೆಂಪಾಪುರದ ಹೊಲಗಳೆಲ್ಲ ಬಡಾವಣೆಗಳಾಗಿವೆ, ರಾಗಿ ಬಿತ್ತನೆ ಈಗ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದೊಳಗೆ ನೋಡಬೇಕಾದ ದೃಶ್ಯ. ಮಳೆಯ ಹೆಸರುಗಳು ಮಾತ್ರ ಉಳಿದಿವೆ. ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು ಎಂದು ಮಕ್ಕಳೂ ಸಾಲಾಗಿ ಹೇಳಬಲ್ಲರು. ಇವೆಲ್ಲ ಬರಿಗಣ್ಣಿಗೆ ಕಾಣುವ ನಿಜವಾದ ನಕ್ಷತ್ರಗಳು. ಆದರೆ ಆರಿದ್ರೆ ಮಳೆಯ ರಾತ್ರಿ ಮೋಡವೆಲ್ಲ ಸರಿದರೂ ಆರಿದ್ರಾ ನಕ್ಷತ್ರ ಕಾಣುವುದಿಲ್ಲ.

ಮಳೆಯ ಹೆಸರು ಹೇಳುವುದು ಸೂರ್ಯನ ವಿಳಾಸವನ್ನು. ಆಕಾಶದಲ್ಲಿ ಸೂರ್ಯ ವರ್ಷವಿಡೀ ಸಾಗುವ ದಾರಿಯನ್ನು ನಮ್ಮವರು 27 ಭಾಗ ಮಾಡಿ ಒಂದೊಂದಕ್ಕೂ ಒಂದು ನಕ್ಷತ್ರದ ಹೆಸರಿಟ್ಟರು. ಸೂರ್ಯ ದಿನಕ್ಕೆ ಸುಮಾರು ಒಂದು ಡಿಗ್ರಿ ಸರಿದಂತೆ ಕಾಣುತ್ತಾನೆ, ಹಾಗಾಗಿ ಒಂದು ಮಳೆಗೆ 13 ಅಥವಾ 14 ದಿನ. ಜೂನ್ 22ರ ಆಸುಪಾಸಿನಲ್ಲಿ ಅವನು ಆರಿದ್ರೆಯ ಭಾಗಕ್ಕೆ ಬರುತ್ತಾನೆ. ಆ ದಿನಗಳಲ್ಲಿ ನಕ್ಷತ್ರ ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತದೆ. ಹಗಲೆಲ್ಲ ಅದು ತಲೆಯ ಮೇಲೆಯೇ ಇದ್ದರೂ ಬಿಸಿಲಿನ ಪ್ರಖರತೆಯಲ್ಲಿ ಕಾಣದು.

ಕಾಣದ ನಕ್ಷತ್ರದ ಬಳಿ ಸೂರ್ಯನಿದ್ದಾನೆಂದು ಹಳಬರಿಗೆ ತಿಳಿದದ್ದು ಹೇಗೆ? ಒಂದು ದಾರಿ ಹುಣ್ಣಿಮೆಯದು. ಹುಣ್ಣಿಮೆಯ ಚಂದ್ರ ಸೂರ್ಯನಿಗೆ ನೇರ ಎದುರಿಗಿರುತ್ತಾನೆ. ಚಂದ್ರ ಯಾವ ನಕ್ಷತ್ರದ ಹತ್ತಿರವಿದ್ದಾನೆ ಎಂದು ನೋಡಿದರೆ ಸೂರ್ಯ ಅದರ ಎದುರು ಬದಿಯಲ್ಲಿದ್ದಾನೆ ಎಂದಾಯಿತು. ಹುಣ್ಣಿಮೆ ಕೃತ್ತಿಕೆಯ ಬಳಿ ಆಗುವ ತಿಂಗಳು ಕಾರ್ತಿಕ, ಮೃಗಶಿರೆಯ ಬಳಿ ಆಗುವುದು ಮಾರ್ಗಶಿರ. ಉಪಕರಣವಿಲ್ಲದೆ, ಬರೀ ಕಣ್ಣು ಮತ್ತು ತಾಳ್ಮೆಯಿಂದ ಕಂಡುಕೊಂಡ ಈ ಲೆಕ್ಕ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಹಾಗಾದರೆ ಆರಿದ್ರೆಯನ್ನು ನೋಡಲು ಚಳಿಗಾಲ ಬರಬೇಕು. ಫೆಬ್ರವರಿ ಮಧ್ಯದಲ್ಲಿ ರಾತ್ರಿ ಎಂಟೂವರೆಗೆ ತಾರಸಿಗೆ ಹೋಗಿ ತಲೆಯೆತ್ತಿ. ಹೆಬ್ಬಾಳದ ಮೇಲ್ಸೇತುವೆ, ವರ್ತುಲ ರಸ್ತೆ, ಟೆಕ್ ಪಾರ್ಕುಗಳ ಬೆಳಕು ಕೆಂಪಾಪುರದಿಂದ ಆಕಾಶಗಂಗೆಯನ್ನು ಕಸಿದುಕೊಂಡಿದೆ. ಅದು ನಿಜವಾದ ನಷ್ಟ. ಆದರೂ ಬೇಟೆಗಾರನ ರೂಪದ ಮಹಾವ್ಯಾಧ ಪುಂಜವನ್ನು ಈ ಬೆಳಕು ಅಳಿಸಲಾರದು. ನೆತ್ತಿಯಿಂದ ಸ್ವಲ್ಪ ದಕ್ಷಿಣಕ್ಕೆ ಒಂದೇ ಸಾಲಿನಲ್ಲಿ ಮೂರು ನಕ್ಷತ್ರಗಳಿವೆ, ಅದು ಬೇಟೆಗಾರನ ನಡುಪಟ್ಟಿ. ಅದರ ಉತ್ತರಕ್ಕೆ, ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ, ಕೆಂಪಗೆ ಹೊಳೆಯುವುದು ಆರಿದ್ರಾ. ಪಟ್ಟಿಯ ಇನ್ನೊಂದು ಬದಿಯಲ್ಲಿ ನೀಲಿ ಬಿಳುಪಿನ ರೈಜೆಲ್. ಪಟ್ಟಿಯ ಗೆರೆಯನ್ನು ವಾಯವ್ಯಕ್ಕೆ ಎಳೆದರೆ ರೋಹಿಣಿ, ಆಗ್ನೇಯಕ್ಕೆ ಎಳೆದರೆ ರಾತ್ರಿಯ ಆಕಾಶದ ಅತಿ ಪ್ರಕಾಶಮಾನ ನಕ್ಷತ್ರ ಲುಬ್ಧಕ ಸಿಗುತ್ತದೆ.

ಬಣ್ಣ ನಕ್ಷತ್ರದ ತಾಪವನ್ನು ಹೇಳುತ್ತದೆ. ಕೆಂಪು ಆರಿದ್ರೆಯ ಮೇಲ್ಮೈ ಸುಮಾರು 3,500 ಕೆಲ್ವಿನ್, ನೀಲಿ ರೈಜೆಲ್ ಸುಮಾರು 12,000. ಆರಿದ್ರೆ ಊದಿಕೊಂಡ ಮುದಿ ನಕ್ಷತ್ರ. ಅದನ್ನು ಸೂರ್ಯನ ಜಾಗದಲ್ಲಿಟ್ಟರೆ ಭೂಮಿಯ ಕಕ್ಷೆಯನ್ನೂ ನುಂಗಿಬಿಡುತ್ತದೆ. 2019ರ ಕೊನೆಗೆ ಅದು ಮಂಕಾದಾಗ ಸ್ಫೋಟಿಸಿಯೇಬಿಡುತ್ತದೇನೋ ಎಂದು ಜಗತ್ತೆಲ್ಲ ಕಾದಿತ್ತು. ನಕ್ಷತ್ರವೇ ಉಗುಳಿದ ದೂಳು ಅಡ್ಡ ಬಂದಿತ್ತು ಎಂಬುದು ಆಮೇಲೆ ತಿಳಿಯಿತು. ಅದರ ದೂರ ಸುಮಾರು 550 ಜ್ಯೋತಿರ್ವರ್ಷ, ಅಂದರೆ ಇಂದು ನಮ್ಮ ಕಣ್ಣಿಗೆ ಬೀಳುವ ಬೆಳಕು ಅಲ್ಲಿಂದ ಹೊರಟಾಗ ಕೆಂಪೇಗೌಡರು ಇನ್ನೂ ಬೆಂಗಳೂರನ್ನು ಕಟ್ಟಿರಲಿಲ್ಲ. ರೈಜೆಲ್ ಅದಕ್ಕಿಂತಲೂ ದೂರ, ಸುಮಾರು 860 ಜ್ಯೋತಿರ್ವರ್ಷ. ಬೇಟೆಗಾರನ ಹೆಗಲಾದ ಆರಿದ್ರೆಯೂ ಕಾಲಾದ ರೈಜೆಲ್ಲೂ ಒಂದಕ್ಕೊಂದು ನೆರೆಹೊರೆಯಲ್ಲ. ಅವು ಒಂದು ಚಿತ್ರವಾಗುವುದು ನಾವು ನಿಂತ ಜಾಗದಿಂದ ಮಾತ್ರ.

ಅದೇ ರಾತ್ರಿ ಒಂಬತ್ತು ಗಂಟೆಗೆ ದಕ್ಷಿಣಕ್ಕೆ ತಿರುಗಿ. ದಿಗಂತದಿಂದ 24 ಡಿಗ್ರಿ ಎತ್ತರದಲ್ಲಿ ಅಗಸ್ತ್ಯ ನಕ್ಷತ್ರ. ಲಂಡನ್ನಿನ ಮಕ್ಕಳಿಗೆ ಅದು ತಮ್ಮ ಊರಿಂದ ಎಂದೂ ಕಾಣುವುದಿಲ್ಲ. 13 ಡಿಗ್ರಿ ಅಕ್ಷಾಂಶದಲ್ಲಿರುವ ನಮಗೆ ಆ ಭಾಗ್ಯವಿದೆ.

ಮಳೆಗೂ ನಕ್ಷತ್ರಕ್ಕೂ ಇರುವ ನಂಟು ಶಾಶ್ವತವೇ? ಅಲ್ಲ. ತಿರುಗುವ ಬುಗುರಿ ವಾಲಾಡುವಂತೆ ಭೂಮಿಯ ಅಕ್ಷವೂ ನಿಧಾನವಾಗಿ ಸುತ್ತುತ್ತದೆ, ಒಂದು ಸುತ್ತಿಗೆ ಸುಮಾರು 26,000 ವರ್ಷ. ಇದರಿಂದ ಋತುಗಳು ನಕ್ಷತ್ರಗಳ ನಡುವೆ 72 ವರ್ಷಕ್ಕೆ ಒಂದು ಡಿಗ್ರಿಯಷ್ಟು ಜಾರುತ್ತವೆ. ಸೂರ್ಯ ಉತ್ತರಕ್ಕೆ ಹೊರಳುವುದು ಡಿಸೆಂಬರ್ 22ರ ಸುಮಾರಿಗೆ, ಅದರ ಹಬ್ಬವಾದ ಸಂಕ್ರಾಂತಿಗೆ ನಾವು ಎಳ್ಳು ಬೆಲ್ಲ ಹಂಚುವುದು ಜನವರಿ ಮಧ್ಯದಲ್ಲಿ; ಈ ಅಂತರ ಹುಟ್ಟಿದ್ದು ಇದೇ ಕಾರಣಕ್ಕೆ.

ಕೆಂಪಾಪುರದ ಪಕ್ಕದ ಹೆಬ್ಬಾಳದಲ್ಲಿ ಕಿತ್ತಯ್ಯ ಎಂಬ ವೀರನ ಕಲ್ಲಿದೆ. ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಶಾಸನವದು. ಕಿತ್ತಯ್ಯನ ಕಾಲದಲ್ಲಿ ಸೂರ್ಯ ಆರಿದ್ರೆಗೆ ಬರುತ್ತಿದ್ದದ್ದು, ಇಂದಿನ ಕ್ಯಾಲೆಂಡರಿನ ಲೆಕ್ಕದಲ್ಲಿ, ಜೂನ್ ಮೊದಲ ವಾರಕ್ಕೆ. ಇಂದು ಧ್ರುವಬಿಂದುವಿನಿಂದ ಒಂದು ಡಿಗ್ರಿಯೂ ದೂರವಿಲ್ಲದ ಧ್ರುವ ನಕ್ಷತ್ರ ಆಗ ಏಳು ಡಿಗ್ರಿಗೂ ಹೆಚ್ಚು ದೂರದಲ್ಲಿ ಸುತ್ತುತ್ತಿತ್ತು, ಅಚಲವಾಗಿರಲಿಲ್ಲ. ಈಗ ಅದನ್ನು ನೋಡಲು ಯಲಹಂಕದ ಕಡೆ ಮುಖ ಮಾಡಿ, ಕೈ ಚಾಚಿ ಮುಷ್ಟಿ ಹಿಡಿಯಿರಿ. ದಿಗಂತದಿಂದ ಒಂದು ಮುಷ್ಟಿಗಿಂತ ತುಸು ಮೇಲೆ, ಎದುರಿಗೆ ಅಪಾರ್ಟ್‌ಮೆಂಟ್ ಇಲ್ಲದಿದ್ದರೆ, ಅದು ಸಿಗುತ್ತದೆ. 2100ರ ಸುಮಾರಿಗೆ ಅದು ಧ್ರುವಬಿಂದುವಿಗೆ ಅತಿ ಹತ್ತಿರ ಬಂದು, ಅಲ್ಲಿಂದ ಮತ್ತೆ ದೂರ ಸರಿಯತೊಡಗುತ್ತದೆ.