ಮೊದಲು ಓಡಬೇಕು, ಆಮೇಲೆ ಕಾಯಬೇಕು

ರಾತ್ರಿ ಹತ್ತೂವರೆಗೆ ಹೊನ್ನಾಳಿಯಿಂದ ಚಿಕ್ಕಮ್ಮನ ಫೋನ್. "ನಿಮ್ ಚಿಕ್ಕಪ್ಪಂಗೆ ಹೊಟ್ಟೆನೋವು ಕಣಪ್ಪ, ವಾಂತಿ ನಿಲ್ತಿಲ್ಲ. ಗ್ಯಾಸ್ಟ್ರಿಕ್ ಇರಬೇಕು, ಸೋಡಾ ಕುಡಿಸಿದೀನಿ." ಬೆಂಗಳೂರಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದ ನಾನು, "ಬೆಳಿಗ್ಗೆ ತೋರಿಸಿದ್ರಾಯ್ತು ಬಿಡಿ ಚಿಕ್ಕಮ್ಮ" ಅಂದೆ. ಆ ಮಾತು ಇವತ್ತಿಗೂ ಚುಚ್ಚುತ್ತೆ.

ಬೆಳಿಗ್ಗೆ ದಾವಣಗೆರೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ಚಿಕ್ಕಪ್ಪನ ನಾಡಿ ಓಡುತ್ತಿತ್ತು, ಮೂತ್ರ ನಿಂತೇಹೋದಂತಿತ್ತು. ಪಿತ್ತಕೋಶದ ಕಲ್ಲೊಂದು ಜಾರಿ ನಾಳಕ್ಕೆ ಅಡ್ಡ ಕೂತು ಮೇದೋಜೀರಕ ಗ್ರಂಥಿ ಊದಿಕೊಂಡಿತ್ತು. ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್. ಇದು ಕುಡಿಯೋರಿಗೆ ಮಾತ್ರ ಬರೋ ಕಾಯಿಲೆ ಅಂದ್ಕೊಂಡಿದ್ವಿ. ನಮ್ಮ ಚಿಕ್ಕಪ್ಪ ಬೀಡಿ ಕೂಡ ಮುಟ್ಟಿದವರಲ್ಲ.

ಈ ಕಾಯಿಲೆಯಲ್ಲಿ ಅನ್ನ ಜೀರ್ಣ ಮಾಡಬೇಕಾದ ರಸ ಗ್ರಂಥಿಯನ್ನೇ ತಿನ್ನತೊಡಗುತ್ತದೆ. ರಕ್ತನಾಳಗಳಿಂದ ನೀರು ಸೋರಿ ಕಿಡ್ನಿ, ಶ್ವಾಸಕೋಶಗಳಿಗೆ ಪೆಟ್ಟು ಬೀಳುತ್ತದೆ. ಅದಕ್ಕೇ ಮೊದಲ 24 ಗಂಟೆಗಳಲ್ಲಿ ಡ್ರಿಪ್ ಮುಖ್ಯ. ಹಾಗಂತ ಸುರಿದಷ್ಟೂ ಒಳ್ಳೆಯದಲ್ಲ. 2022ರಲ್ಲಿ ಪ್ರಕಟವಾದ ವಾಟರ್‌ಫಾಲ್ ಅಧ್ಯಯನದಲ್ಲಿ (ಭಾರತದ ರೋಗಿಗಳೂ ಇದ್ದರು) ಜೋರಾಗಿ ದ್ರವ ಕೊಟ್ಟವರಲ್ಲಿ ಶೇ. 20ರಷ್ಟು ಮಂದಿಗೆ ಮೈಯಲ್ಲಿ ನೀರು ಹೆಚ್ಚಾಯಿತು. ಅಳೆದು ಕೊಟ್ಟವರಲ್ಲಿ ಅದು ಶೇ. 6 ಮಾತ್ರ.

ನಮಗೆ ನಿಜವಾದ ಪರೀಕ್ಷೆ ಮೂರನೇ ವಾರ. ಮತ್ತೆ ಜ್ವರ ಬಂತು. ಗ್ರಂಥಿಯ ಸತ್ತ ಭಾಗಕ್ಕೆ ಸೋಂಕು ತಗುಲಿದೆ ಅಂದರು. "ಮತ್ತೆ ಆಪರೇಷನ್ ಯಾಕೆ ಮಾಡ್ತಿಲ್ಲ? ದುಡ್ಡಿಗೆ ಅನುಮಾನಾನಾ?" ಅಂತ ಚನ್ನಗಿರಿಯಿಂದ ಬಂದಿದ್ದ ಮಾವ ಕಾರಿಡಾರಿನಲ್ಲೇ ಕೂಗಾಡಿದರು. ನನಗೂ ಒಳಗೊಳಗೆ ಅದೇ ಅನುಮಾನ. ಡಾಕ್ಟರ್ ಬೇಜಾರು ಮಾಡಿಕೊಳ್ಳದೆ ಕೂರಿಸಿ ಹೇಳಿದರು: ಈಗ ಸತ್ತ ಭಾಗ, ಬದುಕಿರುವ ಭಾಗ ಬೆರೆತುಹೋಗಿವೆ, ಕೈ ಹಾಕಿದರೆ ರಕ್ತಸ್ರಾವ. ಸುಮಾರು ನಾಲ್ಕು ವಾರಕ್ಕೆ ಸುತ್ತ ಗೋಡೆ ಕಟ್ಟಿಕೊಳ್ಳುತ್ತೆ, ಆಗ ಒಳಗಿನದನ್ನು ತೆಗೆಯೋದು ಸುರಕ್ಷಿತ. ಸ್ಥಿತಿ ಕೈಮೀರಿದರೆ ಮಾತ್ರ ಬೇಗ.

ಆ ರಾತ್ರಿ ಓದಿದೆ. 2021ರ ಡಚ್ ಅಧ್ಯಯನದಲ್ಲಿ ಸೋಂಕಿನ ದ್ರವವನ್ನು ತಕ್ಷಣ ಹೊರತೆಗೆದದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಕಾಯ್ದ ಗುಂಪಿನಲ್ಲಿ ಶೇ. 39 ಮಂದಿಗೆ ಆ್ಯಂಟಿಬಯೋಟಿಕ್ ಸಾಕಾಯಿತು, ಕೊಳವೆ ಬೇಕಾಗಲೇ ಇಲ್ಲ. ಚಿಕ್ಕಪ್ಪನಿಗೆ ಬೇಕಾಯಿತು. ಮೂವತ್ತೊಂದನೇ ದಿನ ಬೆನ್ನ ಪಕ್ಕದಿಂದ ಕೊಳವೆ ಹಾಕಿದರು, ಹೊಟ್ಟೆ ಕೊಯ್ಯಲಿಲ್ಲ. ಪಿತ್ತಕೋಶವನ್ನು ಎಲ್ಲಾ ಆರಿದ ಮೇಲೆ ತೆಗೆದರು. ಕಾಯಿಲೆ ಸೌಮ್ಯವಾಗಿದ್ದರೆ ಅದೇ ಅಡ್ಮಿಷನ್‌ನಲ್ಲೇ ತೆಗೆಸಿಕೊಳ್ಳುವುದು ಒಳ್ಳೆಯದಂತೆ.

ನಿಮ್ಮ ಮನೆಯವರೂ ಜಗಳೂರಲ್ಲೋ ನ್ಯಾಮತಿಯಲ್ಲೋ ಇದ್ದು ನೀವು ದೂರದಲ್ಲಿದ್ದರೆ ಫೋನಲ್ಲೇ ಕೇಳಿ: ನೋವು ಮೇಲ್ಹೊಟ್ಟೆಯಿಂದ ಬೆನ್ನಿಗೆ ಹೋಗ್ತಿದೆಯಾ? ಮುಂದಕ್ಕೆ ಬಾಗಿ ಕೂತರೆ ಸ್ವಲ್ಪ ಹಾಯೆನಿಸುತ್ತಾ? ವಾಂತಿಯಾದ ಮೇಲೂ ನೋವು ಹಾಗೇ ಇದೆಯಾ? ಹೌದು ಅಂದರೆ ಬೆಳಗಾಗೋದು ಬೇಡ, 108ಕ್ಕೆ ಫೋನ್ ಮಾಡಿಸಿ. ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗುವ ಮುಂಚೆ ಹತ್ತಿರದ ಆಸ್ಪತ್ರೆಯಲ್ಲೇ ಡ್ರಿಪ್ ಶುರುವಾಗಲಿ.

ಚಿಕ್ಕಪ್ಪ ಈಗ ಅಡಿಕೆ ತೋಟಕ್ಕೆ ಹೋಗಿ ಬರ್ತಾರೆ. ಚಿಕ್ಕಮ್ಮ ಮಾತ್ರ ಮನೆಗೆ ಸೋಡಾ ತರಿಸೋದೇ ಬಿಟ್ಟಿದ್ದಾರೆ.